ಕೆಂಪು ದಾರದ ಬಾಟಲಿ

ಹೂ ಕಟ್ಟಿ ಬದುಕುವ ಮನೆಗೆ ಹೂವಿನ ವಾಸನೆಯೇ ಆಗದ ಬಸುರಿ ಬಂದು ಕೂತರೆ ಏನು ಮಾಡುವುದು? ಗುಬ್ಬಿಯ ಬಸ್ ಸ್ಟ್ಯಾಂಡಿನ ಎದುರು ಪುಟ್ಟತಾಯಮ್ಮ ಹೂವಿನ ಬುಟ್ಟಿ ಇಟ್ಟುಕೊಂಡು ಕೂತು ಎಷ್ಟೋ ವರ್ಷವಾಗಿತ್ತು. ಗಂಡ ತೀರಿಹೋದ ಮೇಲೆ ಒಬ್ಬಳೇ ಮಗಳು ಮಾಲಿನಿಯನ್ನು ಓದಿಸಿದ್ದು, ಕುಣಿಗಲ್ಲಿಗೆ ಮದುವೆ ಮಾಡಿಕೊಟ್ಟಿದ್ದು, ಎಲ್ಲ ಆ ಬುಟ್ಟಿಯಿಂದಲೇ. ಆ ಮಗಳು ಈಗ ಮೂರು ತಿಂಗಳ ಬಸುರಿಯಾಗಿ ತವರಿಗೆ ಬಂದವಳು ಹೊಸಿಲು ದಾಟುತ್ತಲೇ ಮೂಗಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದಳು. ನಡುಮನೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಮಲ್ಲಿಗೆ ಮೊಗ್ಗು ಹರಡಿತ್ತು. ಪುಟ್ಟತಾಯಮ್ಮ ಮೊಗ್ಗನ್ನೆಲ್ಲ ಬಾಚಿ ಜಗಲಿಗೆ ಸಾಗಿಸಿದಳು. ಅಂದಿನಿಂದ ಹೂ ಕಟ್ಟುವುದು ಜಗಲಿಯಲ್ಲೇ. ಒಳಗೆ ಹೋಗುವ ಮುಂಚೆ ಕೈಯನ್ನು ಹುಣಿಸೆಹಣ್ಣು ಹಾಕಿ ತೊಳೆಯುವುದು.

ಇದು ಮಾಲಿನಿಯ ಮೂರನೆಯ ಬಸುರು. ಹಿಂದಿನ ಎರಡೂ ನಿಲ್ಲಲಿಲ್ಲ. ಹೊಟ್ಟೆ ಕಾಣಿಸುವ ಮೊದಲೇ ಇಳಿದುಹೋಗಿದ್ದವು. ತುಮಕೂರಿನ ಬಟವಾಡಿಯಲ್ಲಿ ನರ್ಸಿಂಗ್ ಹೋಮ್ ಇಟ್ಟಿದ್ದ ಡಾಕ್ಟರ್ ಬಿಂದುಶ್ರೀ, ಈ ಸಲ ಭಾರ ಎತ್ತಬಾರದು, ಬಸ್ಸು ಬೈಕು ಹತ್ತಿ ಕುಲುಕಬಾರದು, ತಾಯಿ ಮನೆಯಲ್ಲಿ ಸುಮ್ಮನೆ ಮಲಗಿರಲಿ ಎಂದಿದ್ದರು. ಆದ್ದರಿಂದ ಅಳಿಯ ಚಂದ್ರು ಬಾಡಿಗೆ ಕಾರು ಮಾಡಿಕೊಂಡು ಬಂದು ಬಿಟ್ಟುಹೋದ. ಈ ಮಗು ಉಳಿಯಬೇಕು. ಪುಟ್ಟತಾಯಮ್ಮನಿಗೆ ಬೇರೆ ಹಾರೈಕೆ ಇರಲಿಲ್ಲ.

ಮಗಳಿಗೆ ಯಾವುದರ ಮೇಲೆ ಬಯಕೆಯಾಗುತ್ತದೋ ಎಂದು ಅವಳು ಕಾಯುತ್ತಿದ್ದಳು. ಹುಣಿಸೆಕಾಯಿ ತಂದಿಟ್ಟಳು, ಹುಳಿ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಟ್ಟಳು, ಎಳೆ ಹಲಸಿನ ಪಲ್ಯ ಮಾಡಿದಳು. ಮಾಲಿನಿ ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ಹೀಗಿರುವಾಗ ಒಂದು ಭಾನುವಾರ ಚಂದ್ರು ಬೈಕಿನಲ್ಲಿ ಬಂದ. ಕುಣಿಗಲ್ಲಿನಲ್ಲಿ ಅವನದು ದ್ವಿಚಕ್ರ ವಾಹನ ರಿಪೇರಿಯ ಗ್ಯಾರೇಜು. ಮುಂದೆ ತಗಡಿನ ಶೆಡ್ಡು, ಹಿಂದೆ ಒಂದೂವರೆ ಅಂಕಣದ ಮನೆ. ಟ್ಯಾಂಕಿನಿಂದ ಪೆಟ್ರೋಲು ತೆಗೆಯಬೇಕಾದರೆ ಪೈಪು ಬಾಯಿಗಿಟ್ಟು ಎಳೆಯುವವನು, ಬಿಚ್ಚಿದ ಸಾಮಾನನ್ನೆಲ್ಲ ಪೆಟ್ರೋಲಿನ ತಟ್ಟೆಯಲ್ಲಿ ಅದ್ದಿ ತೊಳೆಯುವವನು, ಕೊನೆಗೆ ಅದೇ ತಟ್ಟೆಯಲ್ಲಿ ಕೈಯನ್ನೂ ತೊಳೆದುಕೊಳ್ಳುವವನು. ಗ್ರೀಸು ಬಿಡಬೇಕಾದರೆ ಪೆಟ್ರೋಲೇ ಆಗಬೇಕೆಂದು ಅವನ ಗುರು ಕಲಿಸಿದ್ದ, ಅವನೂ ಹಾಗೆಯೇ ನಡೆದುಕೊಂಡು ಬಂದಿದ್ದ. ಆ ದಿನ ಬೆಳಗ್ಗೆ ಯಾರದೋ ಅವಸರದ ಕೆಲಸ ಮುಗಿಸಿ, ಬಟ್ಟೆ ಬದಲಿಸದೆ ಹಾಗೆಯೇ ಬಂದಿದ್ದ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಊಟಕ್ಕೆ ಕೂತ.

ಪುಟ್ಟತಾಯಮ್ಮ ಮುದ್ದೆ ಕಟ್ಟುತ್ತ ತಿರುಗಿ ನೋಡಿದರೆ, ಮಾಲಿನಿ ಗೂಟದಿಂದ ಆ ಅಂಗಿ ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಅಷ್ಟು ದಿನದಿಂದ ಗಂಟಿಕ್ಕಿದ್ದ ಹುಬ್ಬು ಸಡಿಲವಾಗಿತ್ತು. ಆಮೇಲೆ ಎದ್ದು ಬಂದು, ಎಲ್ಲರೂ ನೋಡುತ್ತಿದ್ದಂತೆ, ಒಂದು ಮುದ್ದೆ ಪೂರ್ತಿ ಉಂಡಳು. ಪುಟ್ಟತಾಯಮ್ಮ ಸೊಪ್ಪಿನ ಸಾರು ಬಡಿಸುತ್ತ ಸೆರಗಿನಲ್ಲಿ ನಕ್ಕಳು.

“ಗಂಡನ್ನ ಬುಟ್ಟಿರಕ್ಕೆ ಆಗಲ್ಲ ಇವ್ಳಿಗೆ. ಚಂದ್ರಪ್ಪ, ನೀವ್ ಹೋದ್ರೂ ಅಂಗಿ ಇಲ್ಲೇ ಬುಟ್ಟೋಗಿ.”

“ಗಂಡ ಅಲ್ಲ ಕಣಮ್ಮ, ಅಂಗಿ,” ಎಂದಳು ಮಾಲಿನಿ. ಚಂದ್ರು ಕಿವಿಯವರೆಗೂ ಕೆಂಪಾಗಿ ತಟ್ಟೆ ನೋಡಿಕೊಂಡ. ಬೀದಿಯಲ್ಲಿ ಈ ಮಾತು ಹಬ್ಬಿ, ನೀರು ಹಿಡಿಯಲು ಬಂದ ಹೆಂಗಸರೆಲ್ಲ ಅಂಗಿ ಹೇಗಿದೆ ಎಂದು ಮಾಲಿನಿಯನ್ನು ಕೇಳತೊಡಗಿದರು.

ಆದರೆ ಅಂಗಿಯ ವಾಸನೆ ಎರಡು ದಿನಕ್ಕೆ ಹೋಯಿತು. ಮಾಲಿನಿ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದಳು. ಬಯಸಿದ್ದು ಗಂಡನನ್ನಲ್ಲ, ಪೆಟ್ರೋಲಿನ ವಾಸನೆಯನ್ನು ಎಂದು ಪುಟ್ಟತಾಯಮ್ಮನಿಗೆ ಆಗ ಅರ್ಥವಾಯಿತು. ವಿಚಿತ್ರವೆನಿಸಿತು, ಆದರೆ ಬಸುರಿಯ ಬಯಕೆಗೆ ಕಾರಣ ಯಾರು ಕೇಳುತ್ತಾರೆ? ಅದು ತೀರಬೇಕು, ಅಷ್ಟೆ. ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆಂದು ಅವಳು ನಂಬಿದ್ದಳು. ಸುಮ್ಮನೆ ನಂಬಿದ್ದಲ್ಲ. ಅವಳನ್ನು ಹೊತ್ತಿದ್ದಾಗ ಅವಳ ತಾಯಿ ಜೇನುತುಪ್ಪ ಬೇಕೆಂದು ಕೇಳಿ, ಬಡತನದಲ್ಲಿ ಸಿಗದೆ ಸುಮ್ಮನಾಗಿದ್ದಳಂತೆ. ಪುಟ್ಟತಾಯಮ್ಮನ ಎಡಗಿವಿ ಹುಟ್ಟಿದಾಗಿನಿಂದ ಸೋರುತ್ತಿತ್ತು. ಕಿವಿಗೆ ಹತ್ತಿ ತುರುಕಿಕೊಂಡು ಶಾಲೆಗೆ ಹೋದರೆ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಹೀಗೆಯೇ ಶಾಲೆ ಬಿಟ್ಟುಹೋಯಿತು. ತನ್ನ ಮೊಮ್ಮಗುವಿಗೆ ಹಾಗಾಗಬಾರದು.

ಮುಂದಿನ ಭಾನುವಾರ ಚಂದ್ರು ತನ್ನ ಬೈಕಿನಿಂದ ಅರ್ಧ ಬಾಟಲಿ ಪೆಟ್ರೋಲು ಇಳಿಸಿಕೊಟ್ಟ. ಕುಡಿಯುವ ನೀರಿನ ಖಾಲಿ ಬಾಟಲಿ ಅದು. ಯಾರಾದರೂ ನೀರೆಂದು ಬಾಯಿಗಿಟ್ಟುಕೊಂಡಾರೆಂದು ಪುಟ್ಟತಾಯಮ್ಮ ಅದರ ಕೊರಳಿಗೆ ಕೆಂಪು ದಾರ ಕಟ್ಟಿದಳು. ತಾನು ಜಾಣತನದ ಕೆಲಸ ಮಾಡಿದೆನೆಂದೇ ಅಂದುಕೊಂಡಳು. ಹಳೆಯ ಪಂಚೆಯ ತುಂಡನ್ನು ಬಾಟಲಿಯ ಬಾಯಿಗೆ ಒತ್ತಿ, ಎಳೆಮಗುವಿನ ನೆತ್ತಿಗೆ ಎಣ್ಣೆ ಇಡುವಷ್ಟು ನಾಜೂಕಾಗಿ ತೇವ ಮಾಡಿ, ಮಗಳ ದಿಂಬಿನ ಪಕ್ಕ ಇಡುತ್ತಿದ್ದಳು. ಮೊದಲು ದಿನಕ್ಕೆ ಒಂದು ಸಲ. ಬರಬರುತ್ತ ಬಟ್ಟೆ ಒಣಗಿದಾಗಲೆಲ್ಲ.

ತಿಂಗಳ ತಪಾಸಣೆಗೆ ಬಟವಾಡಿಗೆ ಹೋದಾಗ ಡಾಕ್ಟರ್ ಬಿಂದುಶ್ರೀ ಮಾಲಿನಿಯ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ರಕ್ತ ಬಹಳ ಕಮ್ಮಿ ಇದೆಯೆಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಆಮೇಲೆ ಪುಟ್ಟತಾಯಮ್ಮನ ಕಡೆ ತಿರುಗಿದರು.

“ಏನಮ್ಮ, ಮಣ್ಣು, ಸುಣ್ಣ, ಬಳಪ, ಬೂದಿ, ಇಂಥಾದ್ದೇನಾದ್ರೂ ತಿಂತಾಳಾ? ಮುಚ್ಚಿಡಬೇಡಿ.”

“ಇಲ್ಲ ತಾಯಿ. ಅಂಥಾದ್ದೇನೂ ಬಾಯಿಗಿಡಲ್ಲ.”

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೆಟ್ಟಿಲು ಇಳಿಯುವಾಗ ಮಾಲಿನಿ, ಪೆಟ್ರೋಲಿನ ವಿಷಯ ಹೇಳಬೇಕಿತ್ತೇನೋ ಎಂದು ಮೆಲ್ಲಗೆ ಅಂದಳು. ಅದು ತಿನ್ನುವುದಲ್ಲವಲ್ಲ, ಬರಿ ಮೂಸುವುದು, ಗಂಡನ ಅಂಗಿಯಿಂದ ಶುರುವಾದ ಕಥೆಯನ್ನು ಡಾಕ್ಟರ ಮುಂದೆ ಹೇಗೆ ಬಿಚ್ಚುವುದು ಎಂದು ತಾಯಿ ನಾಚಿಕೊಂಡಳು. ಮಾತ್ರೆ ನುಂಗಿದರೆ ಮಾಲಿನಿಗೆ ಹೊಟ್ಟೆ ತೊಳಸುತ್ತಿತ್ತು. ನಾಲ್ಕು ದಿನ ನುಂಗಿ ಬಿಟ್ಟಳು. ಪುಟ್ಟತಾಯಮ್ಮ ಒತ್ತಾಯ ಮಾಡಲಿಲ್ಲ. ದಾಳಿಂಬೆ ಬಿಡಿಸಿಕೊಟ್ಟಳು, ನುಗ್ಗೆಸೊಪ್ಪು ಬೇಯಿಸಿದಳು. ಬೇಡವೆಂದ ಮಗಳಿಗೆ ನುಂಗಲೇಬೇಕು ಎಂದು ಹೇಳುವುದು ಅವಳಿಗೆ ಗೊತ್ತಿರಲಿಲ್ಲ.

ನಾಲ್ಕು ತಿಂಗಳು ತುಂಬಿತು, ಐದೂ ತುಂಬಿತು. ಹಿಂದಿನ ಎರಡು ಸಲ ತಲುಪದ ದಾರಿಯನ್ನು ಈ ಮಗು ದಾಟಿತು. ಒದೆಯತೊಡಗಿತು. ಪುಟ್ಟತಾಯಮ್ಮ ಮಗಳ ಹೊಟ್ಟೆಯ ಮೇಲೆ ಅಂಗೈಯಿಟ್ಟು ಆ ಒದೆತಕ್ಕಾಗಿ ಕಾದು ಕೂರುತ್ತಿದ್ದಳು. ಏಳನೆಯ ತಿಂಗಳಲ್ಲಿ ಸೀಮಂತ ಇಟ್ಟುಕೊಂಡಳು.

ಹಸಿರು ಬಳೆ ತೊಡಿಸಲು ಹಮೀದಾ ಬಂದಳು. ಗುಬ್ಬಿಯ ಪೇಟೆಯಲ್ಲಿ ಅವಳದು ಬಳೆಯಂಗಡಿ. ಮಾಲಿನಿ ಹುಟ್ಟಿದಾಗ ಕಪ್ಪು ಬಳೆ, ಮದುವೆಗೆ ಚಪ್ಪರದ ಬಳೆ, ಎಲ್ಲ ಅವಳ ಕೈಯಿಂದಲೇ. ಕೋಣೆಯಲ್ಲಿ ಮಣೆ ಹಾಕಿ ಮಾಲಿನಿಯನ್ನು ಕೂರಿಸಿದ್ದರು. ಹಮೀದಾ ಎದುರಿಗೆ ನೆಲದ ಮೇಲೆ ಕೂತು, ಮಣಿಕಟ್ಟು ಅದುಮಿ ಒಂದೊಂದೇ ಬಳೆ ಏರಿಸುತ್ತಿದ್ದಳು. ಕೂತ ಹೊತ್ತಿನಿಂದಲೂ ಅವಳು ಮೂಗು ಅರಳಿಸುತ್ತಲೇ ಇದ್ದಳು. ಹೊರಗಡೆ ಹೆಂಗಸರು ಸೋಬಾನೆ ಶುರುಮಾಡಿದರು. ಪುಟ್ಟತಾಯಮ್ಮ ತುಪ್ಪದ ದೀಪ ಹಚ್ಚಿದ ಆರತಿ ತಟ್ಟೆ ಹಿಡಿದು ಹೊಸಿಲ ಮೇಲೆ ಕಾಲಿಟ್ಟಳು.

“ಅಕ್ಕ, ದೀಪ ಒಳಕ್ಕೆ ತರಬೇಡಿ. ಅಲ್ಲೇ ನಿಂತ್ಕಳಿ.”

ಸೋಬಾನೆ ನಿಂತುಹೋಯಿತು. ಹಮೀದಾ ಚಾಪೆಯ ಮರೆಯಿಂದ ಕೆಂಪು ದಾರದ ಬಾಟಲಿಯನ್ನೂ ಒದ್ದೆ ಬಟ್ಟೆಯನ್ನೂ ಎತ್ತಿ ಹಿಡಿದಳು. ಮುಚ್ಚಳ ಸಡಿಲವಿತ್ತು. ಅವಳ ದೊಡ್ಡಪ್ಪನ ಮಗ ಮನ್ಸೂರ್ ಅಲಿ ತುಮಕೂರಿನಲ್ಲಿ ಗ್ಯಾರೇಜು ಇಟ್ಟಿದ್ದವನು. ಪೆಟ್ರೋಲಿನಲ್ಲಿ ಸಾಮಾನು ತೊಳೆಯುತ್ತ ಕೂತಿದ್ದಾಗ ಗಿರಾಕಿಯೊಬ್ಬ ದೂರದ ಬಾಗಿಲಲ್ಲಿ ಬೀಡಿ ಹಚ್ಚಿದನಂತೆ. ಕಣ್ಣಿಗೆ ಕಾಣದ ಆವಿ ನೆಲ ಹಿಡಿದು ಅಲ್ಲಿಯವರೆಗೂ ಹರಿದಿತ್ತು. ಬೆಂಕಿ ಅದೇ ದಾರಿಯಲ್ಲಿ ವಾಪಸು ಬಂತು. ಇವತ್ತಿಗೂ ಅವನ ಎರಡು ಕೈಯ ಬೆರಳು ಬಿಡಿಬಿಡಿಯಾಗಿಲ್ಲ, ತುತ್ತು ಬೇರೆಯವರು ಇಡಬೇಕು. ಇದನ್ನೆಲ್ಲ ಹಮೀದಾ ದನಿ ಏರಿಸದೆ, ಮಾಲಿನಿಯ ಕೈ ಬಿಡದೆ ಹೇಳಿದಳು.

ಪುಟ್ಟತಾಯಮ್ಮನಿಗೆ ಕೇಳಿದ್ದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು, ಎತ್ತಿದ ಆರತಿ ಹೊಸಿಲಲ್ಲಿ ನಿಂತದ್ದು. ಹೆಂಗಸರಲ್ಲಿ ಗುಸುಗುಸು ಎದ್ದಿತು. ಒಬ್ಬಳಂತೂ, ಹೊತ್ತಲ್ಲದ ಹೊತ್ತಲ್ಲಿ ಬಾಯಿ ಬಿಟ್ಟಳೆಂದು ಕೇಳಿಸುವಂತೆಯೇ ಅಂದಳು. ಕೊನೆಗೆ ಮಾಲಿನಿಯನ್ನು ಜಗಲಿಗೆ ಕರೆತಂದು ಅಲ್ಲಿ ಆರತಿ ಮಾಡಿದರು. ಹಮೀದಾ ಎಲೆಅಡಿಕೆ ತೆಗೆದುಕೊಂಡು, ಊಟಕ್ಕೆ ನಿಲ್ಲದೆ ಹೊರಟುಹೋದಳು. ಪುಟ್ಟತಾಯಮ್ಮ ನಿಲ್ಲು ಎನ್ನಲಿಲ್ಲ.

ಸಿಟ್ಟು ಇಳಿದ ಮೇಲೆ ಆ ಮಾತು ಅವಳನ್ನು ಕಾಡಿತು. ನಿಜವಾಗಿಯೂ ಬೆಂಕಿ ಬಿದ್ದಿದ್ದರೆ? ಮಾರನೆಯ ದಿನವೇ ಎಚ್ಚರಿಕೆ ಮಾಡಿದಳು. ಪೆಟ್ರೋಲನ್ನು ಬಿಡಿಸುವ ಯೋಚನೆ ಮಾತ್ರ ಬರಲಿಲ್ಲ, ಏಕೆಂದರೆ ಹಮೀದಾ ಹೇಳಿದ್ದು ಬೆಂಕಿಯ ವಿಷಯ. ಬೆಂಕಿಯೊಂದನ್ನು ದೂರವಿಟ್ಟರೆ ಆಯಿತಲ್ಲ. ಕೋಣೆಯಲ್ಲಿ ಊದುಬತ್ತಿ ಹಚ್ಚುವುದನ್ನು ನಿಲ್ಲಿಸಿದಳು. ಕೋಣೆಯ ಕಿಟಕಿಯಾಚೆ ಪಕ್ಕದ ಮನೆಯವರ ಹಂಡೆ ಒಲೆ ಉರಿಯುತ್ತಿತ್ತು, ತೆಂಗಿನ ಮಟ್ಟೆಯ ಕಿಡಿ ಹಾರೀತೆಂದು ಆ ಕಿಟಕಿ ಮುಚ್ಚಿ ಅಗುಳಿ ಹಾಕಿದಳು. ಅಡಿಗೆಮನೆಯ ಕಡೆಯ ಬಾಗಿಲನ್ನು ಎಳೆದುಕೊಂಡು, ಅದರ ಕೆಳಗಿನ ಸಂದಿಗೆ ಗೋಣಿಚೀಲ ಮಡಿಚಿ ತುರುಕಿದಳು. ಬೆಂಕಿಯ ಭಯಕ್ಕೆ ಗಾಳಿಯನ್ನೇ ಹೊರಗಿಟ್ಟಳು. ಮಗಳನ್ನು ಕಾಪಾಡಿದ ನೆಮ್ಮದಿಯಲ್ಲಿ ಹೂವಿಗೆ ಕೂತಳು.

ಮಾಲಿನಿಗೆ ತಲೆನೋವು ಶುರುವಾಯಿತು. ಎದ್ದು ನಿಂತರೆ ಕಣ್ಣು ಕತ್ತಲೆ. ಹಗಲೆಲ್ಲ ನಿದ್ದೆ. ಭಾರದ ಬಸುರಿ ಅಲ್ಲವೇ ಎಂದುಕೊಂಡರು. ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಪುಟ್ಟತಾಯಮ್ಮನಿಗೂ ಹಣೆ ಸಿಡಿಯುತ್ತಿತ್ತು. ಬಸ್ ಸ್ಟ್ಯಾಂಡಿನ ಬಿಸಿಲಿನದೆಂದು ಅವಳು ನಿಂಬೆಹಣ್ಣಿನ ಪಾನಕ ಕುಡಿದಳು.

ಎಂಟನೆಯ ತಿಂಗಳ ಒಂದು ಬೆಳಗ್ಗೆ, ಬುಟ್ಟಿ ಹೊತ್ತು ಹೊರಟವಳನ್ನು ಮಾಲಿನಿ ಕೂಗಿದಳು.

“ಅಮ್ಮ, ನೆನ್ನೆ ಸಂಜೆಯಿಂದ ಒದ್ದಿಲ್ಲ ಕಣಮ್ಮ.”

ಪುಟ್ಟತಾಯಮ್ಮ ಬುಟ್ಟಿಯನ್ನು ಜಗಲಿಯಲ್ಲೇ ಬಿಟ್ಟಳು. ತಣ್ಣೀರು ಕುಡಿಸಿದಳು, ಬೆಲ್ಲ ತಿನ್ನಿಸಿದಳು, ಎಡಮಗ್ಗುಲಿಗೆ ಮಲಗಿಸಿ ಅಂಗೈಯಿಟ್ಟು ಕಾದಳು. ಆಮೇಲೆ ಕಾರು ತರಿಸಿದಳು. ಗುಬ್ಬಿಯಿಂದ ತುಮಕೂರಿನವರೆಗೂ ಆ ಅಂಗೈಯನ್ನು ತೆಗೆಯಲಿಲ್ಲ.

ಡಾಕ್ಟರ್ ಬಿಂದುಶ್ರೀ ಸ್ಕ್ಯಾನಿನ ಯಂತ್ರವನ್ನು ಹೊಟ್ಟೆಯ ಮೇಲೆ ಆ ಕಡೆ ಈ ಕಡೆ ಆಡಿಸಿದರು. ಮತ್ತೆ ಮತ್ತೆ ಆಡಿಸಿದರು. ಕೊನೆಗೆ ಯಂತ್ರ ಬದಿಗಿಟ್ಟು ಮಾಲಿನಿಯ ಕೈ ಹಿಡಿದುಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಇಬ್ಬರಿಗೂ ಗೊತ್ತಾಯಿತು.

ಜೀವವಿಲ್ಲದ ಮಗುವನ್ನೂ ಹೆರಲೇಬೇಕು. ನೋವು ಬರಿಸುವ ಔಷಧಿ ಕೊಟ್ಟರು. ಕುಣಿಗಲ್ಲಿನಿಂದ ಓಡಿಬಂದ ಚಂದ್ರು ಬಾಗಿಲಾಚೆ ನಿಂತ. ನೋವು ಏರಿದಂತೆ ಮಾಲಿನಿ ತಾಯಿಯ ಸೆರಗು ಎಳೆದಳು. ಅವಳಿಗೆ ಬೇಕಾದದ್ದು ಏನೆಂದು ಪುಟ್ಟತಾಯಮ್ಮನಿಗೆ ತಿಳಿಯಿತು. ಚೀಲದಿಂದ ಪಂಚೆಯ ತುಂಡು ತೆಗೆದು ಮಗಳ ಮೂಗಿಗೆ ಹಿಡಿದಳು. ಬೇರೆ ಯಾವ ಸಮಾಧಾನವೂ ಅವಳ ಹತ್ತಿರ ಉಳಿದಿರಲಿಲ್ಲ.

ಡಾಕ್ಟರು ಬಗ್ಗಿದವರು ತಟ್ಟನೆ ತಲೆ ಎತ್ತಿದರು. ಬಟ್ಟೆಯನ್ನು ಕಿತ್ತು ಮೂಸಿ ನೋಡಿದರು.

“ಇದೇನಮ್ಮ ಇದು? ಎಷ್ಟು ದಿನದಿಂದ?”

“ನಾನೇ ಕೇಳಿ ತರಿಸ್ಕೊಂಡಿದ್ದು ಡಾಕ್ಟ್ರೇ,” ಎಂದಳು ಮಾಲಿನಿ, ಆ ನೋವಿನಲ್ಲೂ. “ಅಮ್ಮ ಬೇಡ ಅಂದಿದ್ಲು.”

“ಇಲ್ಲ ತಾಯಿ. ಬೇಡ ಅಂತ ನಾನು ಯಾವತ್ತೂ ಅಂದಿಲ್ಲ. ನಾನೇ ಅದ್ದಿ ಕೊಡ್ತಿದ್ದೆ.”

ಹೆಣ್ಣು ಮಗು. ತಲೆ ತುಂಬ ಕೂದಲು. ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಾಗ ಪುಟ್ಟತಾಯಮ್ಮ ಮೊದಲು ನೋಡಿದ್ದು ಕಿವಿಯನ್ನು. ಬಿರಿಯದ ಮೊಗ್ಗಿನ ಹಾಗೆ, ಅಂಚು ಒಳಕ್ಕೆ ಮಡಿಚಿಕೊಂಡು, ಒಣಗಿ, ಚೊಕ್ಕಟವಾಗಿತ್ತು. ಉಸಿರಿದ್ದು ಕಿವಿ ಸೋರಿದ್ದರೆ ಸೋರಲಿ ಎನ್ನಬಹುದಾಗಿತ್ತು, ಅವಳು ದಿನಾ ಹತ್ತಿ ಇಟ್ಟು ಒರೆಸುತ್ತಿದ್ದಳು. ಚಂದ್ರು ಮಗುವನ್ನು ತೆಗೆದುಕೊಳ್ಳಲು ಕೈ ಚಾಚಿ, ತನ್ನ ಕೈಯನ್ನೇ ನೋಡಿಕೊಂಡು ಹಿಂದಕ್ಕೆ ಎಳೆದುಕೊಂಡ. ಬೆರಳೆಲ್ಲ ಬಿರುಕು ಬಿಟ್ಟು ಬೆಳ್ಳಗಾಗಿತ್ತು. ಪುಟ್ಟತಾಯಮ್ಮ ಮಗುವನ್ನು ಅವನ ಕೈಯಲ್ಲಿಟ್ಟಳು.

ಆಮೇಲೆ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಇದರಿಂದಲೇ ಆಯಿತೆಂದು ಆಣೆ ಮಾಡಿ ಹೇಳಲಾರೆ, ರಕ್ತವೂ ಕಮ್ಮಿಯಿತ್ತು, ಮಾತ್ರೆಯೂ ಹೊಟ್ಟೆಗೆ ಹೋಗಿಲ್ಲ, ಹಿಂದಿನ ಎರಡಕ್ಕೆ ಏನು ಕಾರಣವೋ ಅದೂ ಗೊತ್ತಿಲ್ಲ ಎಂದರು. ಆದರೆ ಪೆಟ್ರೋಲಿನ ಆವಿ ಉಸಿರಿನಿಂದ ರಕ್ತಕ್ಕೆ ಇಳಿಯುತ್ತದೆ, ತಾಯಿಯ ರಕ್ತದಿಂದ ಮಗುವಿಗೂ ಹೋಗುತ್ತದೆ. ಮುಚ್ಚಿದ ಕೋಣೆಯಲ್ಲಂತೂ ಅದು ವಿಷವೇ. ಚಂದ್ರುವಿಗೆ, ಪೈಪನ್ನು ಬಾಯಿಗಿಡುವುದು ಇಂದಿಗೆ ಬಿಡು, ಪೆಟ್ರೋಲಿನಲ್ಲಿ ಕೈ ತೊಳೆಯಬೇಡ, ಕೆಲಸದ ಬಟ್ಟೆ ಶೆಡ್ಡಿನಲ್ಲೇ ಬಿಚ್ಚಿ ಮನೆಯೊಳಗೆ ಹೋಗು, ನಿನ್ನ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸು ಎಂದರು. ಅವನು ಎಲ್ಲದಕ್ಕೂ ತಲೆಯಾಡಿಸಿದ. ಪುಟ್ಟತಾಯಮ್ಮ ಒಂದೇ ಒಂದು ಕೇಳಿದಳು.

“ಮತ್ತೆ ಬಯಕೆ ಯಾಕಾಯ್ತು ತಾಯಿ? ಕೆಟ್ಟದ್ದನ್ನ ಮೈ ಕೇಳುತ್ತಾ?”

“ರಕ್ತ ತೀರಾ ಕಮ್ಮಿಯಾದ್ರೆ ಕೆಲವರಿಗೆ ಹಿಂಗೆ ಆಗುತ್ತಮ್ಮ. ಮಣ್ಣು ಬೇಕು ಅನ್ಸುತ್ತೆ, ಸೀಮೆಎಣ್ಣೆ ವಾಸನೆ ಬೇಕು ಅನ್ಸುತ್ತೆ. ಮೈ ಕೇಳ್ತಿದ್ದದ್ದು ರಕ್ತ. ನಾನೂ ತಿಂತಾಳಾ ಅಂತ ಕೇಳ್ದೆ. ಮೂಸ್ತಾಳಾ ಅಂತ ಕೇಳ್ಲಿಲ್ಲ.” ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಗುಬ್ಬಿಗೆ ಬಂದ ಮೂರನೆಯ ದಿನ ಮಾಲಿನಿಯ ಎದೆಯಲ್ಲಿ ಹಾಲು ಇಳಿಯಿತು. ಕುಡಿಯುವವರಿಲ್ಲದ ಹಾಲು ಕಟ್ಟಿಕೊಂಡು ಎದೆ ಕಲ್ಲಾಯಿತು, ರವಿಕೆ ನೆನೆಯಿತು. ಹಾಲು ಬತ್ತಿಸಲು ಆ ಕಡೆಯ ಹೆಂಗಸರಿಗೆ ತಿಳಿದ ದಾರಿ ಒಂದೇ. ಮಲ್ಲಿಗೆ ದಂಡೆಯನ್ನು ಎದೆಗೆ ಸುತ್ತಿ ಬಟ್ಟೆ ಬಿಗಿಯುವುದು. ಪುಟ್ಟತಾಯಮ್ಮ ಅದೆಷ್ಟೋ ಬಾಣಂತಿಯರಿಗೆ ಹೂ ಕಟ್ಟಿಕೊಟ್ಟಿದ್ದಳು. ಅವತ್ತು ಜಗಲಿಯ ಮೇಲೆ ಕೂತು ಕಟ್ಟುವಾಗ ಗಂಟು ಬೀಳಲಿಲ್ಲ, ದಾರ ಜಾರಿ ಜಾರಿ ಹೋಗುತ್ತಿತ್ತು.

ಹಮೀದಾ ಬಂದು ಎದುರಿಗೆ ಕೂತಳು. ಮೊಗ್ಗನ್ನು ಜೋಡಿ ಮಾಡಿ ಕೊಡತೊಡಗಿದಳು.

“ನೀನು ಅವತ್ತೇ ಹೇಳಿದ್ದೆ. ನಾನು ಮುಖ ತಿರುಗಿಸ್ದೆ.”

“ಬೆಂಕಿ ಅಂದೆ ಕಣಕ್ಕ. ಉಸ್ರು ಅನ್ಲಿಲ್ಲ. ನಂಗೂ ಗೊತ್ತಿರ್ಲಿಲ್ಲ.”

ಹಮೀದಾ ಕೊನೆಯ ಜೋಡಿ ಮೊಗ್ಗು ಕೊಟ್ಟಳು. ದಂಡೆ ಮುಗಿಯಿತು.

ಚಂದ್ರು ಬಂದಿದ್ದ. ಒಗೆದ ಅಂಗಿ, ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದ ಕೈ. ಗೂಡಿನಲ್ಲಿದ್ದ ಕೆಂಪು ದಾರದ ಬಾಟಲಿಯನ್ನು ಬೀದಿಯಾಚೆಯ ಬಯಲಿಗೆ ಒಯ್ದ. ಬೈಕನ್ನೂ ಅಲ್ಲಿಗೇ ತಂದು ಎಂಜಿನ್ ಆರಿಸಿ, ಅದು ತಣ್ಣಗಾಗುವವರೆಗೂ ಕಾದು, ಉಳಿದ ಪೆಟ್ರೋಲನ್ನು ಟ್ಯಾಂಕಿಗೆ ಸುರಿದ. ದಾರವನ್ನು ಮಾತ್ರ ಬಿಚ್ಚಿ ಜೇಬಿಗೆ ಹಾಕಿಕೊಂಡ. ಒಳಗೆ ಬಂದು ಹೆಂಡತಿಯ ಪಕ್ಕ ಕೂತಾಗ ಮಾಲಿನಿ ಅವನ ಭುಜಕ್ಕೆ ಮೂಗು ಒತ್ತಿದಳು. ಸ್ವಲ್ಪ ಹೊತ್ತು ಹುಡುಕಿದಳು. ಅಲ್ಲಿ ಏನೂ ಇರಲಿಲ್ಲ. ಹೆರಿಗೆಯಾದಾಗಿನಿಂದ ಅಳದಿದ್ದವಳು ಆಗ ಅತ್ತಳು. ಚಂದ್ರು ಕೈ ಎಲ್ಲಿಡಬೇಕೆಂದು ತಿಳಿಯದೆ, ಎರಡನ್ನೂ ತನ್ನ ಮಡಿಲಲ್ಲೇ ಇಟ್ಟುಕೊಂಡು ಕೂತ.

ಅವನು ಎದ್ದುಹೋದ ಮೇಲೆ ಮಾಲಿನಿ ತಾಯಿಯ ಕಡೆ ತಿರುಗಿದಳು.

“ಅಮ್ಮ, ಆ ಬಟ್ಟೆ ಒಂದೇ ಒಂದ್ಸಲ. ಇನ್ನೇನಿದೆ ಕೆಡೋಕೆ.”

“ಇಲ್ಲ ಕಣೇ.”

ಮಗಳಿಗೆ ಪುಟ್ಟತಾಯಮ್ಮ ಇಲ್ಲವೆಂದದ್ದು ಅದೇ ಮೊದಲು. ಕಬ್ಬಿಣದ ಮಾತ್ರೆಯನ್ನು ಅಂಗೈಯಲ್ಲಿಟ್ಟು ಚಾಚಿದಳು. ಮಾಲಿನಿ ಮುಖ ತಿರುಗಿಸಿದಳು. ತಾಯಿ ಕೈ ಹಿಂತೆಗೆಯಲಿಲ್ಲ. ಹೊಟ್ಟೆ ತೊಳಸಿದರೂ ಸರಿ, ಉಂಡ ಮೇಲೆ ನುಂಗು, ವಾಂತಿಯಾದರೆ ನಾನು ಬಾಚುತ್ತೇನೆ ಎಂದಳು. ನುಂಗಿ ನೀರು ಕುಡಿಯುವವರೆಗೂ ಅಲ್ಲೇ ನಿಂತಿದ್ದಳು. ಆಮೇಲೆ ಹೋಗಿ ಕಿಟಕಿಯ ಅಗುಳಿ ತೆಗೆದಳು. ಬಾಗಿಲ ಸಂದಿಯ ಗೋಣಿಚೀಲ ಎಳೆದು ಹಾಕಿದಳು. ಪಕ್ಕದ ಮನೆಯ ಹಂಡೆ ಒಲೆಯ ಹೊಗೆಯ ಜೊತೆಗೆ ಗಾಳಿ ಒಳಗೆ ಬಂತು.

ಮಗಳ ರವಿಕೆ ಬಿಚ್ಚಿ, ಎದೆಗೆ ಮಲ್ಲಿಗೆ ದಂಡೆ ಸುತ್ತಿ, ಮೇಲೆ ಬಟ್ಟೆ ಬಿಗಿದಳು. ಹಾಲು ತಾಗಿದ ಹೂವಿನ ವಾಸನೆ ಕೋಣೆಯಲ್ಲೆಲ್ಲ ತುಂಬಿತು. ಮಾಲಿನಿ ಎಲ್ಲಿ ಸೆರಗು ಹಿಡಿದು ಬಚ್ಚಲಿಗೆ ಓಡುವಳೋ ಎಂದು ಪುಟ್ಟತಾಯಮ್ಮ ಅಭ್ಯಾಸಬಲದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಮಾಲಿನಿ ಏಳಲಿಲ್ಲ.

“ಹೂವಿನ ವಾಸನೆ ಆಗುತ್ತೇನೇ?”

“ಆಗುತ್ತಮ್ಮ,” ಎಂದಳು ಮಾಲಿನಿ. “ಈಗ ಆಗುತ್ತೆ.”